ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ, ಇನ್ನು ಮುಂದೆ ಹೇಗೆ?

ಬೆಳಗಿನಬಸ್:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡಿಕೊಳ್ಳಬೇಡಿ.

ನನ್ನ ತಮ್ಮನಿಗೆ 21 ವರ್ಷ. ಕೆಲವು ತಿಂಗಳ ಹಿಂದೆ ಅವನಿಗೆ ನಿದ್ದೆ ಕಡಿಮೆಯಾಯಿತು. ಆಮೇಲೆ ಕಾಲೇಜಿಗೆ ಹೋಗುವುದು ನಿಂತಿತು. ಓದಿನ ಒತ್ತಡ ಇರಬೇಕು ಅಂದುಕೊಂಡೆವು. ಒಂದು ದಿನ ನೋಡಿದರೆ ಗೋಡೆ ಗಡಿಯಾರ ನಿಂತಿದೆ. ಒಳಗೆ ಸೆಲ್ ಇಲ್ಲ. ಇನ್ನೊಂದು ಗಡಿಯಾರದಲ್ಲೂ ಇಲ್ಲ, ಟಿವಿ ರಿಮೋಟಿನಲ್ಲೂ ಇಲ್ಲ. ಎಲ್ಲಾ ಸೆಲ್ಲುಗಳನ್ನು ಒಂದು ಕಾಲುಚೀಲಕ್ಕೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಬಾಲ್ಕನಿ ಮೂಲೆಯಲ್ಲಿ ಇಟ್ಟಿದ್ದ. "ಮೆಲ್ಲಗೆ ಮಾತಾಡು ಅಕ್ಕಾ, ಅದರಿಂದಲೇ ಅವರಿಗೆ ನಮ್ಮ ಮಾತು ಕೇಳಿಸೋದು" ಅಂದ. ನಾನು ನಕ್ಕುಬಿಟ್ಟೆ. ಆಗ ಅವನ ಮುಖ ಹೇಗಾಯಿತು ಅನ್ನುವುದು ಇನ್ನೂ ಕಣ್ಣಮುಂದೆ ಇದೆ.

ಅದಾಗಿ ಮೂರು ತಿಂಗಳಿಗೆ ಆಸ್ಪತ್ರೆಗೆ ಸೇರಿಸಿದೆವು. 18 ದಿನ ಅಲ್ಲಿದ್ದ. ಮನೆಗೆ ಬಂದು ಮೂರು ವಾರ ಆಯಿತು. ಅವನಿಗೆ ಮಾತ್ರ ಕೇಳಿಸುತ್ತಿದ್ದ ಧ್ವನಿಗಳು ಈಗ ಹೆಚ್ಚುಕಡಿಮೆ ಇಲ್ಲ ಅನ್ನುತ್ತಾನೆ. ಆದರೆ ದಿನಕ್ಕೆ 13-14 ಗಂಟೆ ಮಲಗುತ್ತಾನೆ. ಎದ್ದರೆ ಸುಮ್ಮನೆ ಕೂರುತ್ತಾನೆ. "ನನಗೇನೂ ಆಗಿರಲಿಲ್ಲ, ನೀವೇ ಹೆದರಿ ಸೇರಿಸಿದಿರಿ" ಅನ್ನುತ್ತಾನೆ. ಅಮ್ಮ ದಿನಾ ರಾತ್ರಿ ಎದುರು ನಿಂತು ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡುತ್ತಾರೆ. ಅಪ್ಪ ಮುಂದಿನ ಸೋಮವಾರದಿಂದಲೇ ಕಾಲೇಜಿಗೆ ಹೋಗಲಿ ಅನ್ನುತ್ತಾರೆ.

ಡಾಕ್ಟರು "ಸೈಕೋಸಿಸ್‌ನ ಮೊದಲ ಎಪಿಸೋಡ್" ಅಂತ ಬರೆದಿದ್ದಾರೆ, ಕಾಯಿಲೆಯ ಹೆಸರು ಹೇಳಿಲ್ಲ. ಇದು ಸ್ಕಿಜೋಫ್ರೀನಿಯಾನಾ? ಮಾತ್ರೆ ಎಷ್ಟು ದಿನ? ಕಾಲೇಜು ಯಾವಾಗ? ನಾವು ತಡ ಮಾಡಿ ಅವನನ್ನು ಹಾಳು ಮಾಡಿದೆವಾ? ಮುಂದಿನ ಅಪಾಯಿಂಟ್‌ಮೆಂಟ್‌ಗೆ ಇನ್ನೂ ಎರಡು ವಾರ ಇದೆ. ಅಲ್ಲಿಯವರೆಗೆ ಏನು ಮಾಡಲಿ, ಹೇಳಿ.

ರಾತ್ರಿಪಾಳಿ:

ಮನೋರೋಗ ವಿಭಾಗದಲ್ಲಿ 14 ವರ್ಷದಿಂದ ನರ್ಸ್ ಆಗಿದ್ದೇನೆ. ನಿಮ್ಮ ತಮ್ಮನನ್ನು ನೋಡಿಲ್ಲ, ಹಾಗಾಗಿ ಅವನ ಮಾತ್ರೆ ಬಗ್ಗೆ ನಾನೇನೂ ಹೇಳುವಂತಿಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ. ಸೈಕೋಸಿಸ್ ಅಂದರೆ ಇಲ್ಲದ ಧ್ವನಿ ಕೇಳಿಸುವುದು, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬುವುದು, ಇಂಥ ಸ್ಥಿತಿ. ಅದು ಜ್ವರ ಇದ್ದ ಹಾಗೆ. ಜ್ವರ ಬಂದಿದೆ ಅಂತ ಗೊತ್ತಾದ ತಕ್ಷಣ ಯಾತಕ್ಕೆ ಬಂತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಬೈಪೋಲಾರ್‌ನಲ್ಲಿ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಬರಬಹುದು, ತೀವ್ರ ಖಿನ್ನತೆಯಲ್ಲಿ ಬರಬಹುದು, ಗಾಂಜಾದಿಂದ ಬರಬಹುದು, ಹೆರಿಗೆಯಾದ ಮೇಲೆ ಕೆಲವರಿಗೆ ಬರುತ್ತದೆ, ಥೈರಾಯ್ಡ್ ತೊಂದರೆ ಅಥವಾ ಮೆದುಳಿನ ಉರಿಯೂತದಿಂದಲೂ ಬರಬಹುದು. ಅದಕ್ಕೇ ಶುರುವಿನಲ್ಲೇ ರಕ್ತಪರೀಕ್ಷೆ ಮಾಡುತ್ತಾರೆ. ಏನೇನು ಪರೀಕ್ಷೆ ಆಗಿದೆ ಅಂತ ಫೈಲಿನಲ್ಲಿ ನೋಡಿಟ್ಟುಕೊಳ್ಳಿ. ಇನ್ನು ಸ್ಕಿಜೋಫ್ರೀನಿಯಾ ಅನ್ನಬೇಕಾದರೆ ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಕೈಪಿಡಿಯ ಪ್ರಕಾರ ತೊಂದರೆ ಕನಿಷ್ಠ 6 ತಿಂಗಳು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ ಪ್ರಕಾರ 1 ತಿಂಗಳು. ಅವಸರದಲ್ಲಿ ಒಂದು ಹೆಸರು ಅಂಟಿಸದ ಡಾಕ್ಟರು ಸಿಕ್ಕಿರುವುದು ಒಳ್ಳೆಯದೇ.

ಎರಡನೆಯದು, ತಡವಾಯಿತಾ ಅನ್ನುವುದು. ಅಮೆರಿಕದಲ್ಲಿ ರೈಸ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. 34 ಕೇಂದ್ರಗಳು, 404 ಜನ, ಎಲ್ಲರಿಗೂ ಮೊದಲ ಎಪಿಸೋಡ್. ಅವರಲ್ಲಿ ಅರ್ಧದಷ್ಟು ಜನ ಚಿಕಿತ್ಸೆಗೆ ಬರುವ ಮುಂಚೆ 74 ವಾರಕ್ಕಿಂತ ಜಾಸ್ತಿ ಕಳೆದಿದ್ದರು. ನೀವು ಮೂರು ತಿಂಗಳಲ್ಲಿ ಕರೆತಂದಿದ್ದೀರಿ. ಬೇಗ ಬಂದಷ್ಟೂ ಪೂರ್ತಿ ಚಿಕಿತ್ಸೆಯಿಂದ ಜಾಸ್ತಿ ಅನುಕೂಲ ಅಂತಲೂ ಅದೇ ಅಧ್ಯಯನದಲ್ಲಿ ಕಂಡಿತು. ಆ ತಪ್ಪಿನ ಭಾರ ಇವತ್ತೇ ಇಳಿಸಿಬಿಡಿ, ದಯವಿಟ್ಟು.

"ಪೂರ್ತಿ ಚಿಕಿತ್ಸೆ" ಅಂದೆ. ಅದು ಬರೀ ಮಾತ್ರೆ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1992ರಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಜೊತೆಯವರು ಹದಿಹರೆಯದವರಿಗೆ, ಯುವಕರಿಗೆ ಅಂತಲೇ ಒಂದು ಕೇಂದ್ರ ಶುರು ಮಾಡಿದರು. ಹಳೇ ರೋಗಿಗಳ ಜೊತೆ ಇವರನ್ನೂ ಸೇರಿಸಿ ಅದೇ ದೊಡ್ಡ ಡೋಸ್ ಕೊಡುವುದು ಬೇಡ ಅನ್ನುವುದು ಅವರ ವಿಚಾರ. ಈಗ ಎಷ್ಟೋ ದೇಶಗಳಲ್ಲಿ ಈ ರೀತಿಯ ತಂಡಗಳಿವೆ. ಕಡಿಮೆ ಡೋಸಿನಲ್ಲಿ ಮಾತ್ರೆ, ಮಾತಿನ ಚಿಕಿತ್ಸೆ, ಮನೆಯವರಿಗೆ ತಿಳಿವಳಿಕೆ, ಓದು ಅಥವಾ ಕೆಲಸಕ್ಕೆ ಮರಳಲು ಸಹಾಯ, ಇವೆಲ್ಲ ಒಂದೇ ತಂಡದಿಂದ ಸಿಗುತ್ತವೆ. ಅಂಥ ತಂಡ ಹತ್ತಿರದಲ್ಲಿ ಇದೆಯಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇಲ್ಲ ಅಂದರೆ ಈ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಿ ಪಡೆಯಬೇಕಾಗುತ್ತದೆ. ಸಂಕೋಚ ಬೇಡ.

ನಾಲ್ಕನೇಮಹಡಿ:

ನನಗೆ 24 ಇದ್ದಾಗ ಇದು ಆಯಿತು. ಈಗ 31. ಕೆಲಸ ಮಾಡುತ್ತಿದ್ದೇನೆ, ಚೆನ್ನಾಗಿದ್ದೇನೆ. ನಿಮ್ಮ ತಮ್ಮನ ಕಡೆಯಿಂದ ಸ್ವಲ್ಪ ಹೇಳಲಾ?

ಆ ನಿದ್ದೆ ಸೋಮಾರಿತನ ಅಲ್ಲ. ತಿಂಗಳುಗಟ್ಟಲೆ ಪ್ರತಿ ಸದ್ದಿಗೂ ಅರ್ಥ ಹುಡುಕುತ್ತಾ, ಎಚ್ಚರವಾಗಿ ಕಾವಲು ಕೂತಿದ್ದ ಮೈ ಅದು. ಸೋತುಹೋಗಿರುತ್ತದೆ. ಮಾತ್ರೆಯ ಮಂಪರೂ ಸೇರಿರಬಹುದು. ಅದನ್ನು ಡಾಕ್ಟರಿಗೆ ಹೇಳಿ, ಹೊತ್ತು ಬದಲಿಸಿದರೆ ಅಥವಾ ಡೋಸ್ ತಗ್ಗಿಸಿದರೆ ಸರಿಹೋಗುವುದುಂಟು.

ಸುಮ್ಮನೆ ಕೂರುವುದರ ಒಳಗೆ ಇನ್ನೊಂದು ವಿಷಯ ಇರಬಹುದು. ನನಗೆ ಮನೆಗೆ ಬಂದ ಮೇಲೆ ಒಂದೊಂದೇ ನೆನಪಿಗೆ ಬಂದವು. ಪಕ್ಕದ ಮನೆಯವರಿಗೆ ಏನು ಅಂದೆ, ಯಾರಿಗೆ ಯಾವ ಮೆಸೇಜ್ ಕಳಿಸಿದೆ. ನಾಚಿಕೆಯಿಂದ ಕಿಟಕಿ ತೆರೆಯಲೂ ಆಗುತ್ತಿರಲಿಲ್ಲ. "ನನಗೇನೂ ಆಗಿರಲಿಲ್ಲ" ಅಂತ ನಾನೂ ಅನ್ನುತ್ತಿದ್ದೆ. ಅರ್ಧ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು. ಇನ್ನರ್ಧ, ಹೌದು ಅಂದುಬಿಟ್ಟರೆ ಮುಂದೆ ಏನು ಅನ್ನುವ ಭಯ.

ಬಾಯಿ ತೆರೆಸಿ ನೋಡುವುದನ್ನು ದಯವಿಟ್ಟು ನಿಲ್ಲಿಸಿ. ನನ್ನಮ್ಮನೂ ಮಾಡುತ್ತಿದ್ದರು, ಪ್ರೀತಿಯಿಂದಲೇ. ನನಗೆ ಆ ಒಂದು ನಿಮಿಷಕ್ಕಾಗಿಯೇ ಮಾತ್ರೆ ಉಗಿದುಬಿಡಬೇಕು ಅನ್ನಿಸುತ್ತಿತ್ತು. ಕೊನೆಗೆ ವಾರದ ಏಳು ಗೂಡಿನ ಡಬ್ಬಿ ತಂದೆವು. ಭಾನುವಾರ ನಾನೇ ತುಂಬಿಸುತ್ತಿದ್ದೆ, ಅಮ್ಮ ಪಕ್ಕದಲ್ಲಿ ಕೂತಿರುತ್ತಿದ್ದರು. ಗೂಡು ಖಾಲಿಯಾಗಿದ್ದರೆ ಪ್ರಶ್ನೆ ಇಲ್ಲ.

ಇನ್ನೊಂದು. ಅವನ ಕಾಲು ನೋಡಿ. ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಾನಾ?

ಬೆಳಗಿನಬಸ್:

ಓದಿ ಅತ್ತುಬಿಟ್ಟೆ. ಮೂರು ವಾರದಲ್ಲಿ ಯಾರೂ ನಮಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಕಾಲು, ಹೌದು! ಟೇಬಲ್ ಮುಂದೆ ಕೂತರೆ ಮೇಲಿಟ್ಟ ಪೇಪರ್ ನಡುಗುತ್ತಿರುತ್ತದೆ. ಬಗ್ಗಿ ನೋಡಿದರೆ ಎರಡೂ ಮೊಣಕಾಲು ಒಂದೇ ಸಮನೆ ಆಡುತ್ತಿರುತ್ತವೆ. ರಾತ್ರಿ ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆ ನಡೆಯುತ್ತಾನೆ. ಕಾಯಿಲೆ ವಾಪಸ್ ಬರ್ತಿದೆ ಅಂತ ಅಮ್ಮ ಹೆದರಿದ್ದಾರೆ.

ನಾಲ್ಕನೇಮಹಡಿ:

ಕಾಯಿಲೆಯೇ ಆಗಬೇಕೆಂದಿಲ್ಲ. ಮಾತ್ರೆಯ ಅಡ್ಡಪರಿಣಾಮ ಇರಬಹುದು, ಅಕಥೀಸಿಯಾ ಅನ್ನುತ್ತಾರೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೂ ಸಮಾಧಾನ ಇಲ್ಲ. ಚರ್ಮದೊಳಗೆ ಯಾರೋ ತಳ್ಳಿದ ಹಾಗೆ. ನನಗೆ ಆ ಹಿಂಸೆ ಧ್ವನಿಗಳಿಗಿಂತ ಜಾಸ್ತಿ ಆಗಿತ್ತು. ಒಂದು ಕಡೆ ಡಾಕ್ಟರು ಅದನ್ನು ಕಾಯಿಲೆಯ ಚಡಪಡಿಕೆ ಅಂದುಕೊಂಡು ಡೋಸ್ ಏರಿಸಿದರು, ಇನ್ನೂ ಕೆಟ್ಟಿತು. ಬೇರೆ ಡಾಕ್ಟರು ಕೂತು ಕೇಳಿ ಡೋಸ್ ಇಳಿಸಿದರು. ಹತ್ತು ದಿನದಲ್ಲಿ ಕಾಲು ನಿಂತಿತು.

ಎರಡು ವಾರ ಕಾಯಬೇಡಿ. ನಾಳೆಯೇ ಫೋನ್ ಮಾಡಿ.

ರಾತ್ರಿಪಾಳಿ:

ಹೌದು, ನಾಳೆಯೇ. ಫೋನಿನಲ್ಲಿ "ಚಡಪಡಿಸ್ತಾನೆ" ಅಂತ ಮಾತ್ರ ಹೇಳಬೇಡಿ. ಪೇಪರ್ ನಡುಗುವುದನ್ನು, ಯಾವ ಹೊತ್ತಿಗೆ ಜಾಸ್ತಿ, ಯಾವತ್ತಿನಿಂದ, ಮಾತ್ರೆ ಯಾವಾಗ ಬದಲಾಯಿತು, ಇಷ್ಟನ್ನೂ ಹೇಳಿ. ಅವನಿಗೆ ಒಳಗೆ ಹೇಗೆ ಅನ್ನಿಸುತ್ತದೆ ಅಂತ ಅವನ ಮಾತಿನಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ಇದಕ್ಕೆ ಪರಿಹಾರ ಇದೆ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ತಗ್ಗಿಸುವ ಔಷಧಿ ಕೊಡಬಹುದು. ನೀವಾಗಿಯೇ ನಿಲ್ಲಿಸಬೇಡಿ, ಅಷ್ಟೇ.

ನಾಲ್ಕನೇಮಹಡಿ ಅವರು ನಾಚಿಕೆ ಅಂದರು. ಅದಕ್ಕೆ ಒಂದು ಮಾತು ಸೇರಿಸಲೇಬೇಕು. ಭ್ರಮೆ ಇಳಿದು, ಆದದ್ದೆಲ್ಲ ಅರಿವಿಗೆ ಬರುವ ಈ ದಿನಗಳಲ್ಲಿ ಬದುಕೇ ಬೇಡ ಅನ್ನಿಸುವ ಅಪಾಯ ಇರುತ್ತದೆ. ತಡೆಯಲಾಗದ ಕಾಲಿನ ಹಿಂಸೆ ಅದನ್ನು ಹೆಚ್ಚಿಸಬಹುದು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಗಾಬರಿಯಾಗಿ ಉಪದೇಶ ಮಾಡಬೇಡಿ. ಜೊತೆಯಲ್ಲೇ ಇರಿ, ಅವತ್ತೇ ಡಾಕ್ಟರಿಗೆ ತಿಳಿಸಿ. ಈಗಲೇ ಏನಾದರೂ ಮಾಡಿಕೊಳ್ಳಬಹುದು ಅನ್ನಿಸಿದರೆ ಒಂಟಿಯಾಗಿ ಬಿಡದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಹಳೆಕೊಡೆ:

ನೋಡಮ್ಮ, ನಾನು ಒಬ್ಬ ತಾಯಿ. ನನ್ನ ಮಗನಿಗೆ ಆಗಿ ಆರು ವರ್ಷ ಆಯಿತು. ನಿನ್ನ ಅಮ್ಮನ ಬಗ್ಗೆ ಯಾರೂ ಬೇಜಾರು ಮಾಡಿಕೊಳ್ಳಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಮಗು ಕೈತಪ್ಪಿ ಹೋಗಿ ವಾಪಸ್ ಸಿಕ್ಕಾಗ ಕೈ ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ.

ನಮಗೆ ಮನೆಯವರ ತರಗತಿ ಅಂತ ಎಂಟು ವಾರ ಇತ್ತು. ಅಲ್ಲಿ ಒಂದು ವಿಷಯ ಹೇಳಿಕೊಟ್ಟರು. ಲಂಡನ್ನಿನಲ್ಲಿ 1950ರ ದಶಕದಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಂಶೋಧಕರು, ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಯಾರು ವಾಪಸ್ ಬರುತ್ತಾರೆ ಅಂತ ಗಮನಿಸುತ್ತಾ ಬಂದರಂತೆ. ಮನೆಯಲ್ಲಿ ಟೀಕೆ, ಸಿಡಿಮಿಡಿ ಜಾಸ್ತಿ ಇದ್ದ ಕಡೆ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತಿತ್ತು. ಅತಿಯಾದ ಕಾಳಜಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ ಅಂತ ಆಮೇಲಿನ ಕೆಲಸದಲ್ಲಿ ಗೊತ್ತಾಯಿತು. ಮನೆಯವರಿಂದ ಕಾಯಿಲೆ ಬಂತು ಅಂತ ಅದರ ಅರ್ಥ ಅಲ್ಲವೇ ಅಲ್ಲ. ಮನೆಯ ದನಿ ತಗ್ಗಿದರೆ ಗಾಯ ಮಾಗುವುದಕ್ಕೆ ಜಾಗ ಸಿಗುತ್ತದೆ, ಅಷ್ಟೇ.

ಅವತ್ತು ಮನೆಗೆ ಬಂದು ಎಣಿಸಿದೆ. ಬೆಳಗ್ಗೆಯಿಂದ ರಾತ್ರಿವರೆಗೆ "ಹೇಗಿದ್ದೀಯ?" ಅಂತ 11 ಸಲ ಕೇಳಿದ್ದೆ. ಮಾರನೇ ದಿನದಿಂದ ಒಂದೇ ಸಲ ಅಂತ ನಿಯಮ ಮಾಡಿಕೊಂಡೆ. ಎಷ್ಟು ಕಷ್ಟ ಅಂತೀಯ! ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ಮಹಡಿಗೆ ಹೋಗಿ ಬಟ್ಟೆ ಮಡಚುತ್ತಿದ್ದೆ. ಒಂದು ತಿಂಗಳಿಗೆ ಅವನೇ ಬಂದು ಪಕ್ಕದಲ್ಲಿ ಕೂತು ಮಡಚಲು ಶುರು ಮಾಡಿದ. ಮಾತು ಆಮೇಲೆ ಬಂತು.

ಅಮ್ಮನಿಗೂ ನಿದ್ದೆ ಬೇಕು. ರಾತ್ರಿ ಕಾವಲು ನೀವಿಬ್ಬರೂ ಹಂಚಿಕೊಳ್ಳಿ.

ಪೆನ್ಸಿಲ್‌ತುದಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಮಾತ್ರೆ ಬಿಡಬೇಡಿ ಅನ್ನುತ್ತೀರಿ. ನೆದರ್ಲೆಂಡ್ಸ್‌ನಲ್ಲಿ ಮೊದಲ ಎಪಿಸೋಡ್ ಆದವರನ್ನು 7 ವರ್ಷ ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಬಂತು. ಡೋಸ್ ಕಡಿಮೆ ಮಾಡುತ್ತಾ ಹೋದ ಗುಂಪಿನಲ್ಲಿ 100ಕ್ಕೆ 40 ಜನ ಚೇತರಿಸಿಕೊಂಡರು. ಅದೇ ಡೋಸ್ ಮುಂದುವರಿಸಿದವರಲ್ಲಿ 18 ಜನ ಮಾತ್ರ. ಇದನ್ನು ಯಾಕೆ ಯಾರೂ ಹೇಳುವುದಿಲ್ಲ? ನನ್ನ ಅಣ್ಣ ತೂಕ 20 ಕೆಜಿ ಏರಿ, ಬೇಸತ್ತು ಬಿಟ್ಟ. ಅವನ ಸಿಟ್ಟು ನ್ಯಾಯವಾದದ್ದು.

ರಾತ್ರಿಪಾಳಿ:

ಒಳ್ಳೆಯ ಪ್ರಶ್ನೆ, ಮುಚ್ಚಿಡುವಂಥದ್ದು ಏನೂ ಇಲ್ಲ. ನೀವು ಹೇಳಿದ ಅಂಕಿ ಸರಿ. ಆದರೆ ಅದರ ಜೊತೆಗೇ ಇರುವ ಎರಡು ವಿಷಯ ನೋಡಿ. ಅಲ್ಲಿದ್ದವರು 6 ತಿಂಗಳು ಪೂರ್ತಿ ಚೆನ್ನಾಗಿದ್ದ ಮೇಲೆ, ಡಾಕ್ಟರ ಜೊತೆ ಕೂತು, ಮೆಲ್ಲಗೆ ಇಳಿಸಿದರು. ಮತ್ತೆ, ಇಳಿಸಿದ ಗುಂಪಿನಲ್ಲಿ ಮೊದಮೊದಲು ಕಾಯಿಲೆ ಸುಮಾರು ಎರಡು ಪಟ್ಟು ಜನರಿಗೆ ಮರುಕಳಿಸಿತ್ತು. ಇನ್ನೊಂದು ಕಡೆ, 1999ರ ಒಂದು ಅಧ್ಯಯನದಲ್ಲಿ ಮೊದಲ ಎಪಿಸೋಡಿನಿಂದ ಚೇತರಿಸಿಕೊಂಡ 104 ಜನರನ್ನು ನೋಡಿದರು. 5 ವರ್ಷದೊಳಗೆ ಐವರಲ್ಲಿ ನಾಲ್ವರಿಗೆ ಮರುಕಳಿಸಿತು. ಮಾತ್ರೆ ನಿಲ್ಲಿಸಿದವರಿಗೆ ಆ ಅಪಾಯ ಸುಮಾರು 5 ಪಟ್ಟು.

ಹಾಗಾಗಿ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಿ ಅನ್ನುತ್ತೇವೆ. ಆಮೇಲೆ ಇಳಿಸುವ ಮಾತು ಆಡಬಹುದು, ಆಡಬೇಕು. ಗುಟ್ಟಾಗಿ ಒಂದೇ ಸಲ ಬಿಡುವುದು ಮಾತ್ರ ಬೇಡ.

ನಿಮ್ಮ ಅಣ್ಣನ ಸಿಟ್ಟು ನ್ಯಾಯವೇ. 20 ಕೆಜಿ ಏರುವವರೆಗೆ ಯಾರೂ ನೋಡದೆ ಬಿಟ್ಟದ್ದು ತಪ್ಪು. ಒಲಾಂಜಪೈನ್‌ನಂಥ ಮಾತ್ರೆಯಲ್ಲಿ ತೂಕ ಏರುವುದು ಮೊದಲ ವಾರಗಳಲ್ಲೇ ಶುರುವಾಗುತ್ತದೆ. ಆಗಲೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನ ಅಂಶ ಬರೆದಿಟ್ಟು ಹೋಲಿಸುತ್ತಾ ಹೋಗಬೇಕು. ಮಾತ್ರೆ ಬದಲಿಸಲು ಇದೊಂದೇ ಕಾರಣ ಸಾಕು. ಅವರು ಈಗ ಯಾರಿಗೂ ತೋರಿಸುತ್ತಿಲ್ಲವಾದರೆ, ಮಾತ್ರೆ ಶುರು ಮಾಡಿ ಅಂತಲ್ಲ, ತೂಕದ ವಿಷಯಕ್ಕೇ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನೋಡಿ.

ಪೆನ್ಸಿಲ್‌ತುದಿ:

ಸರಿ. ಆ ಕೊನೆಯ ಮಾತು ಅವನಿಗೆ ಹೇಳಿ ನೋಡುತ್ತೇನೆ.

ಮರದನೆರಳು:

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಗೆ ಎರಡು ಬೇರೆ ಬೇರೆ ಮಾತ್ರೆ ಕೊಟ್ಟರೂ ಧ್ವನಿ ನಿಂತಿಲ್ಲ. ಎಂಟು ತಿಂಗಳಾಯಿತು. ದಾರಿ ಮುಗಿದಂತಾ?

ರಾತ್ರಿಪಾಳಿ:

ಇಲ್ಲ! ಎರಡು ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಆಗದಿದ್ದರೆ ಕ್ಲೋಜಪೈನ್ ಅನ್ನುವ ಮಾತ್ರೆಯ ಬಗ್ಗೆ ಕೇಳಬೇಕಾದ ಹೊತ್ತು ಅದು. ಬಿಳಿ ರಕ್ತಕಣ ಇಳಿಯುವ ಅಪಾಯ ಕೆಲವರಿಗೆ ಇರುವುದರಿಂದ ಶುರುವಿನಲ್ಲಿ ವಾರವಾರ ರಕ್ತಪರೀಕ್ಷೆ ಮಾಡುತ್ತಾರೆ. ಆ ಭಯಕ್ಕೇ ಎಷ್ಟೋ ಕಡೆ ವರ್ಷಗಟ್ಟಲೆ ತಡ ಮಾಡುತ್ತಾರೆ, ನನಗೆ ಅದು ತುಂಬಾ ನೋವಿನ ವಿಷಯ. ಧ್ವನಿಗಳಿಗೆ ಅಂತಲೇ ಇರುವ ಮಾತಿನ ಚಿಕಿತ್ಸೆಯನ್ನೂ ಕೇಳಿ.

ಬೆಳಗಿನಬಸ್:

ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಿದೆ. ಮೊದಲು "ಅಪಾಯಿಂಟ್‌ಮೆಂಟ್ ದಿನ ಬನ್ನಿ" ಅಂದರು. ಪೇಪರ್ ನಡುಗುವುದನ್ನು ಹೇಳಿದ ಮೇಲೆ ಡಾಕ್ಟರಿಗೇ ಕೊಟ್ಟರು. ಡೋಸ್ ಸ್ವಲ್ಪ ಇಳಿಸಿದ್ದಾರೆ, ಗುರುವಾರವೇ ಬರಲು ಹೇಳಿದ್ದಾರೆ. ಕಾಲು ಇನ್ನೂ ಆಡುತ್ತಿದೆ, ಆದರೆ ನಿನ್ನೆ ರಾತ್ರಿ ನಡೆಯಲಿಲ್ಲ.

ಸಾಯುವ ಮಾತನ್ನೂ ಕೇಳಿದೆ. ಕೇಳುವಾಗ ನನ್ನ ಗಂಟಲೇ ಕಟ್ಟಿತು. "ಆಸ್ಪತ್ರೆಯಲ್ಲಿದ್ದಾಗ ಒಂದೆರಡು ಸಲ ಅನ್ನಿಸಿತ್ತು, ಈಗ ಇಲ್ಲ" ಅಂದ. ಆಮೇಲೆ "ಯಾರೂ ಇದನ್ನ ಕೇಳಿರಲಿಲ್ಲ" ಅಂದ.

ಅಪ್ಪನ ವಿಷಯ ಮಾತ್ರ ಸರಿಹೋಗಿಲ್ಲ. ಕಾಲೇಜು ಕಾಲೇಜು ಅನ್ನುತ್ತಲೇ ಇದ್ದಾರೆ. ಮತ್ತೆ, ಅವನು "ಸೆಲ್ಲಿನ ವಿಷಯ ನಿಜವೇ ಆಗಿತ್ತು" ಅಂದಾಗ ನಾನು ಏನು ಹೇಳಬೇಕು? ಹೌದು ಅನ್ನಲಾರೆ, ಇಲ್ಲ ಅಂದರೆ ಎದ್ದು ಹೋಗುತ್ತಾನೆ.

ನಾಲ್ಕನೇಮಹಡಿ:

ಎರಡೂ ಅನ್ನಬೇಡಿ. "ನನಗೆ ಹಾಗೆ ಕಾಣಲಿಲ್ಲ. ಆದರೆ ನಿನಗೆ ಎಷ್ಟು ಭಯ ಆಗಿರಬೇಕು!" ಅನ್ನಿ. ಭಯವಂತೂ ನಿಜ ಅಲ್ವಾ. ವಾದದಲ್ಲಿ ನೀವು ಗೆದ್ದರೆ ಅವನು ಒಂಟಿಯಾಗುತ್ತಾನೆ. ನನ್ನ ಜೊತೆ ಯಾರು ವಾದ ಮಾಡಲಿಲ್ಲವೋ ಅವರ ಮಾತನ್ನೇ ನಾನು ಕೊನೆಗೆ ಕೇಳಿದ್ದು.

ಅವನಿಗೆ ಏನು ಬೇಕು ಅಂತ ಕೇಳಿ. ಕಾಯಿಲೆ ಒಪ್ಪದಿದ್ದರೂ ನಿದ್ದೆ ಸರಿಯಾಗಬೇಕು, ಕಾಲು ನಿಲ್ಲಬೇಕು ಅಂತ ಇರುತ್ತದೆ. ಅಲ್ಲಿಂದ ಶುರು ಮಾಡಿ. ಆ ದಿನ ನಕ್ಕದ್ದಕ್ಕೆ ಒಂದು ಸಲ ಕ್ಷಮೆ ಕೇಳಿದರೆ ಇನ್ನೂ ಒಳ್ಳೆಯದು. ಅವನಿಗೆ ಅದು ನೆನಪಿರುತ್ತದೆ.

ಹಳೆಕೊಡೆ:

ಅಪ್ಪನಿಗೆ ಹೀಗೆ ಹೇಳಮ್ಮ. ಕಾಲೇಜು ಬೇಡ ಅಂತ ಯಾರೂ ಅನ್ನುತ್ತಿಲ್ಲ. ಓದು, ಕೆಲಸಕ್ಕೆ ಮರಳುವುದೂ ಚಿಕಿತ್ಸೆಯದೇ ಭಾಗ, ತುಂಬಾ ವರ್ಷ ದೂರ ತಳ್ಳಿದರೂ ಕೆಟ್ಟದ್ದೇ. ನನ್ನ ಮಗ ಆ ವರ್ಷ ಎರಡೇ ವಿಷಯ ತೆಗೆದುಕೊಂಡ. ಮೊದಲ ತಿಂಗಳು ಮಧ್ಯಾಹ್ನದ ಕ್ಲಾಸು ಮಾತ್ರ, ಬೆಳಗ್ಗೆ ಮಂಪರು ಇರುತ್ತಿತ್ತು. ಡಾಕ್ಟರ ಪತ್ರ ಕೊಟ್ಟು ಪರೀಕ್ಷೆಗೆ ಹೆಚ್ಚು ಸಮಯ ಪಡೆದ. ಕಾಲೇಜಿನಲ್ಲಿ ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅವನೇ ನಿರ್ಧರಿಸಿದ.

ಇನ್ನೊಂದು ಚೀಟಿ ಮಾಡಿಟ್ಟುಕೊಂಡಿದ್ದೇವೆ. ಮತ್ತೆ ಕಾಯಿಲೆ ಬರುವ ಮುಂಚೆ ಏನೇನು ಕಾಣುತ್ತದೆ ಅಂತ. ನನ್ನ ಮಗನಿಗೆ, ರಾತ್ರಿ 3ರವರೆಗೆ ಎಚ್ಚರ, ಮನೆಯೊಳಗೂ ಶೂ ಹಾಕಿಕೊಂಡೇ ಇರುವುದು, ಫೋನ್ ಮಗುಚಿ ಇಡುವುದು. ಈ ಮೂರರಲ್ಲಿ ಎರಡು ಕಂಡರೆ ನಾನು ಡಾಕ್ಟರಿಗೆ ಫೋನ್ ಮಾಡಬಹುದು ಅಂತ ಅವನೇ ಬರೆದು ಸಹಿ ಹಾಕಿದ್ದಾನೆ. ಚೆನ್ನಾಗಿದ್ದಾಗ ಬರೆದದ್ದು, ಹಾಗಾಗಿ ಜಗಳ ಇಲ್ಲ. ಆರು ವರ್ಷದಲ್ಲಿ ಎರಡು ಸಲ ಫೋನ್ ಮಾಡಿದೆ. ಒಂದು ಸಲ ಬರೀ ನೆಗಡಿ. ಇನ್ನೊಂದು ಸಲ ನಿಜವಾಗಿಯೂ ಶುರುವಾಗಿತ್ತು, ಆಸ್ಪತ್ರೆಗೆ ಸೇರಿಸದೆಯೇ ಸರಿಹೋಯಿತು.

ಬೆಳಗಿನಬಸ್:

ನಿನ್ನೆ ರಾತ್ರಿ ನಕ್ಕದ್ದಕ್ಕೆ ಕ್ಷಮೆ ಕೇಳಿದೆ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಆ ಸೆಲ್ಲುಗಳು ಎಲ್ಲಿವೆ?" ಅಂತ ಕೇಳಿದ. ಡ್ರಾದಲ್ಲಿವೆ ಅಂದೆ. ಹೂಂ ಅಂದ, ಅಷ್ಟೇ.

ಗುರುವಾರಕ್ಕೆ ಡಾಕ್ಟರನ್ನು ಏನು ಕೇಳಬೇಕು ಅಂತ ನಾನು ಪಟ್ಟಿ ಬರೆಯುತ್ತಾ ಕೂತಿದ್ದೆ. ಪಕ್ಕ ಬಂದು ನೋಡಿದ. ಪೆನ್ನು ಅವನಿಗೇ ಕೊಟ್ಟೆ. ನನ್ನದನ್ನು ಮಡಚಿಟ್ಟು ಬೇರೆ ಕಾಗದದಲ್ಲಿ ಬರೆದ. ಮೂರೇ ಸಾಲು. ಕಾಲು. ನಿದ್ದೆ. ಅಮ್ಮ.

ಮೂರನೆಯದನ್ನು ಒಬ್ಬನೇ ಕೇಳಬೇಕಂತೆ. "ಆಗ ನೀನು ಹೊರಗೆ ಕೂತಿರು ಅಕ್ಕಾ" ಅಂದಿದ್ದಾನೆ. ಕೂರುತ್ತೇನೆ.